ಏಳು ಸಾಲ, ಒಂದು ಕಿಂಡಿ: ಕಷ್ಟದ ದಿನಗಳನ್ನು ದಾಟುವ ಬಗೆ

ಚಿತ್ರದುರ್ಗದಿಂದ, ನಮ್ಮ ಬಾಯಲ್ಲಿ ದುರ್ಗದಿಂದ, ದಾವಣಗೆರೆಗೆ 60 ಕಿಲೋಮೀಟರ್. ಬಸ್ಸಿನಲ್ಲಿ ಒಂದೂಕಾಲು ಗಂಟೆ. ಟೋಲ್ ಹತ್ತಿರ ಲಾರಿಗಳು ಸಾಲುಗಟ್ಟಿದ್ದರೆ ಇನ್ನೂ ಹತ್ತು ನಿಮಿಷ ಜಾಸ್ತಿ. ನಾಲ್ಕೂವರೆ ವರ್ಷದಿಂದ ದಿನಾ ಈ ದಾರಿಯಲ್ಲಿ ಹೋಗಿ ಬರುತ್ತಿದ್ದೇನೆ. ಅದಕ್ಕೂ ಮೊದಲು ದುರ್ಗದಲ್ಲಿ ನನ್ನದೇ ಒಂದು ಜೆರಾಕ್ಸ್ ಅಂಗಡಿ ಇತ್ತು. ಕಾಲೇಜಿನ ಎದುರು, ಎರಡು ಯಂತ್ರ, ಒಂದು ಕಂಪ್ಯೂಟರ್, ಗೋಡೆ ತುಂಬಾ ನೋಟ್‌ಬುಕ್ಕು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಕಾಲೇಜು ಮುಚ್ಚಿತು, ನೋಟ್ಸು ಮೊಬೈಲಿಗೆ ಬಂತು. ಕಾಲೇಜು ಮತ್ತೆ ತೆರೆದರೂ ಹುಡುಗರು ಮೊದಲಿನ ಹಾಗೆ ಬರಲಿಲ್ಲ. ಪಿಡಿಎಫ್ ಇದ್ದಾಗ ಜೆರಾಕ್ಸ್ ಯಾಕೆ, ಅಲ್ವಾ? 2021ರ ಮಧ್ಯದಲ್ಲಿ ಶಟರ್ ಎಳೆದೆ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು.

ಈಗ ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ "ಧೈರ್ಯವಾಗಿರಿ" ಅನ್ನುವುದನ್ನು ಬಿಟ್ಟಿದ್ದೇನೆ. ನನಗೂ ಆಗ ಹತ್ತಾರು ಜನ ಹಾಗೇ ಹೇಳಿದ್ದರು. ಧೈರ್ಯ ಯಾವ ಅಂಗಡಿಯಲ್ಲಿ ಸಿಗುತ್ತದೆ, ಕೆಜಿಗೆ ಎಷ್ಟು ಅಂತ ಒಬ್ಬರೂ ಹೇಳಲಿಲ್ಲ. ಅದಕ್ಕೇ ನಾನು ಏನೇನು ಮಾಡಿದೆ, ಯಾವುದನ್ನು ಮೊದಲೇ ಮಾಡಬೇಕಿತ್ತು ಅನ್ನುವುದನ್ನು ಒಂದೊಂದಾಗಿ ಬರೆಯುತ್ತಿದ್ದೇನೆ. ನನ್ನ ಕಷ್ಟ ದುಡ್ಡಿನದು. ನಿಮ್ಮದು ಕಾಯಿಲೆ ಇರಬಹುದು, ಫೇಲಾದ ಪರೀಕ್ಷೆ ಇರಬಹುದು, ಬತ್ತಿದ ಬೋರ್‌ವೆಲ್ ಇರಬಹುದು. ಹೆಜ್ಜೆಗಳು ಹೆಚ್ಚು ಕಡಿಮೆ ಇವೇ.

1. ಮೊದಲು ಬರೆಯಿರಿ

20 ರೂಪಾಯಿಯ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆಯಬೇಡಿ. ಬರೆಯೋಣ ಅಂತ ಕೈಗೆ ತೆಗೆದುಕೊಂಡವರು ಅರ್ಧ ಗಂಟೆ ರೀಲ್ಸ್ ನೋಡಿ ಎದ್ದಿರುತ್ತೀರಿ. (ಜೆರಾಕ್ಸ್ ಅಂಗಡಿಯವನು ಕಾಗದದ ಪರ ಮಾತಾಡುವುದು ಸಹಜ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.)

ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ. ಎಡಗಡೆ ಪುಟ ಖಾಲಿ ಇರಲಿ, ಅದು ಆಮೇಲೆ ಬೇಕು.

ನನ್ನ ಪುಟ ಹೀಗಿತ್ತು. ಬ್ಯಾಂಕು 1,90,000. ಯಂತ್ರದ ಕಂತು 85,000. ಕೈಸಾಲ ಮೂರು ಜನರದು: 60,000, 40,000, 25,000. ಪೇಪರ್ ಕೊಡುತ್ತಿದ್ದ ಹೋಲ್‌ಸೇಲ್ ಅಂಗಡಿಗೆ 38,000. ಅಂಗಡಿ ಬಾಡಿಗೆ ಬಾಕಿ 22,000. ಒಟ್ಟು 4,60,000. ಏಳು ಸುತ್ತಿನ ಕೋಟೆ ಊರಿನವನಿಗೆ ಸರಿಯಾಗಿ ಏಳು ಸಾಲ.

ಬರೆಯುವ ತನಕ ಅದು ತಲೆಯಲ್ಲಿ ಹತ್ತು ಲಕ್ಷದ ಹಾಗೆ ಕೂತಿತ್ತು. ಮುಖ್ಯವಾದದ್ದು ಇದಲ್ಲ. ಪ್ರತಿ ಸಾಲದ ಮುಂದೆ "ಈ ತಿಂಗಳು ಕೊಡದಿದ್ದರೆ ಏನಾಗುತ್ತದೆ" ಅಂತ ಬರೆದೆ. ಹೋಲ್‌ಸೇಲಿನವರು ಹೆಚ್ಚೆಂದರೆ ಪೇಪರ್ ಕೊಡುವುದಿಲ್ಲ. ನನಗೆ ಪೇಪರೇ ಬೇಕಿರಲಿಲ್ಲ! 60,000ದ ಕೈಸಾಲಕ್ಕೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕೇಳುವುದಕ್ಕೆ ಮೂರೇ ರೂಪಾಯಿ, ಆದರೆ ತಿಂಗಳಿಗೆ 1,800, ವರ್ಷಕ್ಕೆ ನೂರಕ್ಕೆ 36. ನಿಜವಾಗಿ ಕಚ್ಚುತ್ತಿದ್ದ ಹಾವು ಅದು. ನಾನು ಮಾತ್ರ ರಾತ್ರಿಯೆಲ್ಲ ಹೆದರುತ್ತಿದ್ದದ್ದು ಎಲ್ಲಕ್ಕಿಂತ ಚಿಕ್ಕ ಕೈಸಾಲಕ್ಕೆ, ಆ 25,000ಕ್ಕೆ. ಯಾಕೆಂದರೆ ಅದು ಭಾವನದು. ಹಬ್ಬಕ್ಕೆ ಮುಖ ತೋರಿಸಬೇಕಲ್ಲ.

ನಿಮ್ಮದು ದುಡ್ಡಿನ ಕಷ್ಟ ಅಲ್ಲದಿದ್ದರೂ ಬರೆಯುವ ರೀತಿ ಇದೇ. "ಮಗ ಓದಲ್ಲ" ಅಂತ ಬರೆದರೆ ಅದು ಗೋಳು. "ಗಣಿತದಲ್ಲಿ ಎರಡು ಸಲ ಹೋಗಿದೆ, ಮುಂದಿನ ಪರೀಕ್ಷೆಗೆ ಫೀಸು ಕಟ್ಟುವ ಕೊನೇ ದಿನ ಯಾವತ್ತು, ಪಾಠ ಹೇಳುವವರು ಯಾರು" ಅಂತ ಬರೆದರೆ ಅದು ಕೆಲಸ.

2. ಹಿಡಿದುಕೊಳ್ಳುವುದಾ, ಬಿಡುವುದಾ?

ತಾಳಿದವನು ಬಾಳಿಯಾನು ಅನ್ನುವ ಗಾದೆಯನ್ನು ನಾನು ತಪ್ಪಾಗಿ ಓದಿಕೊಂಡಿದ್ದೆ. ಅಂಗಡಿಯನ್ನು ಎಂಟು ತಿಂಗಳು ಸುಮ್ನೆ ತೆರೆದಿಟ್ಟೆ. ಆ ಎಂಟು ತಿಂಗಳಲ್ಲೇ ಸಾಲ ಬೆಳೆದದ್ದು. ಅಂಗಡಿ ಬಿಡುವುದಕ್ಕೂ ಸೋಲುವುದಕ್ಕೂ ವ್ಯತ್ಯಾಸ ಇದೆ ಅಂತ ಆಗ ಗೊತ್ತಾಗಲಿಲ್ಲ.

ಈಗ ನಾನು ಹೇಳುವುದು ಇಷ್ಟು: ಒಂದು ತಾರೀಖು, ಒಂದು ಸಂಖ್ಯೆ ಮೊದಲೇ ಗುರುತು ಹಾಕಿಕೊಳ್ಳಿ. "ದೀಪಾವಳಿ ಒಳಗೆ ದಿನಕ್ಕೆ 800 ರೂಪಾಯಿ ವ್ಯಾಪಾರ ಆಗದಿದ್ದರೆ ಮುಚ್ಚುತ್ತೇನೆ." ಮನಸ್ಸು ಸರಿ ಇರುವ ಬೆಳಿಗ್ಗೆ ಇದನ್ನು ಬರೆಯಿರಿ, ರಾತ್ರಿ ಹನ್ನೊಂದಕ್ಕೆ ಅಲ್ಲ. ಆ ದಿನ ಬಂದಾಗ ಮತ್ತೆ ಚರ್ಚೆ ಮಾಡಬೇಡಿ.

ದಾವಣಗೆರೆಯನ್ನೇ ನೋಡಿ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಊರು ಮುಚ್ಚಲಿಲ್ಲ. 1951ರಲ್ಲೇ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಮೆಡಿಕಲ್ ಕಾಲೇಜು ಬಂದಿದ್ದವು. ಹೊರಗಿನ ಹುಡುಗರು ಬರುತ್ತಲೇ ಇದ್ದರು, ರೂಮು ಬಾಡಿಗೆ, ಮೆಸ್ಸು, ಹೋಟೆಲು ಬೆಳೆದವು. ಊರಿಗೆ ಈಗ ಹೆಸರು ತಂದಿರುವ ಬೆಣ್ಣೆ ದೋಸೆಯ ಕಥೆಯೂ ಹಾಗೇ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನುವವರು ನಾಟಕದ ಥಿಯೇಟರ್ ಹತ್ತಿರ ದೋಸೆ ಹುಯ್ಯಲು ಶುರು ಮಾಡಿದರು ಅಂತ ಹೇಳುತ್ತಾರೆ. ಆಗ ಅದು ರಾಗಿ ದೋಸೆ. ಅಕ್ಕಿ ಬಂದದ್ದು ಆಮೇಲೆ, ಮಕ್ಕಳ ಕಾಲದಲ್ಲಿ. ರಾಗಿ ಹಿಟ್ಟಿಗೇ ಅಂಟಿಕೊಂಡಿದ್ದರೆ ನನ್ನ ಊಟದ ಬಿಡುವಿನ ಕಥೆ ಏನಾಗುತ್ತಿತ್ತೋ!

3. ಕಿಂಡಿ ಮಾಡಿಕೊಳ್ಳಿ

ಇದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಹೆಜ್ಜೆ, ಅದಕ್ಕೇ ಸ್ವಲ್ಪ ಉದ್ದ.

ದುರ್ಗದವರಿಗೆ ಓಬವ್ವನ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಲಿ ಸೈನ್ಯ ಮುತ್ತಿಗೆ ಹಾಕಿದ್ದ ಕಾಲ. ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ, ಇವಳು ನೀರಿಗೆ ಹೋಗಿದ್ದಾಳೆ. ಬಂಡೆಗಳ ಸಂದಿನಿಂದ ಸದ್ದು. ಒಬ್ಬ ಸೈನಿಕ ತಲೆ ತೂರಿಸಿದ. ಕೈಯಲ್ಲಿ ಸಿಕ್ಕಿದ್ದು ಒನಕೆ. ಮುಂದಿನದು ಗೊತ್ತಲ್ಲ.

ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಅಂಗಡಿ ಮುಚ್ಚಿದ ಮೇಲೆ ಒಂದು ಭಾನುವಾರ ಮನೆಯಲ್ಲಿ ಕೂರಲಾರದೆ ಕೋಟೆ ಹತ್ತಿ ಆ ಕಿಂಡಿಯ ಮುಂದೆ ನಿಂತಾಗ ಬೇರೆ ಏನೋ ಕಂಡಿತು. ಎಷ್ಟು ಸಣ್ಣ ಸಂದು ಅಂದರೆ ಬಗ್ಗಿ, ಮೈ ಓರೆ ಮಾಡಿ ನುಸುಳಬೇಕು. ಇಬ್ಬರು ಒಟ್ಟಿಗೆ ಬರುವ ಮಾತೇ ಇಲ್ಲ. ಶಾಲೆಯಲ್ಲಿ ನಮಗೆ ಹೇಳಿದ್ದು ಓಬವ್ವ ಸೈನ್ಯವನ್ನೇ ತಡೆದಳು ಅಂತ. ಅವಳ ಎದುರಿಗೆ ಒಂದು ಸಲಕ್ಕೆ ಇದ್ದದ್ದು ಒಂದೇ ತಲೆ. ಆ ಜಾಗದಲ್ಲಿ ಕಿಂಡಿಯ ಬದಲು ಹೆಬ್ಬಾಗಿಲು ಇದ್ದಿದ್ದರೆ ಒನಕೆ ಏನು ಮಾಡುತ್ತಿತ್ತು?

ನನ್ನ ಮನೆಗೆ ಹೆಬ್ಬಾಗಿಲು ಇತ್ತು. ಏಳೂ ಸಾಲದವರು ಏಳೂ ದಿನ, ಯಾವ ಹೊತ್ತಿಗೆ ಬೇಕಾದರೂ ಫೋನ್ ಮಾಡುತ್ತಿದ್ದರು. ಒಬ್ಬರ ಹತ್ತಿರ ಮಾತಾಡುವಾಗ ಇನ್ನೊಬ್ಬರ ಕಾಲ್ ಬೀಪ್ ಅನ್ನುತ್ತಿತ್ತು. ಅಂದೇ ರಾತ್ರಿ ಬಾಗಿಲು ಮುಚ್ಚಿ ಕಿಂಡಿ ತೆರೆದೆ.

ಒಬ್ಬೊಬ್ಬರಿಗೆ ಒಂದೊಂದು ದಿನ. ಸೋಮವಾರ ಬ್ಯಾಂಕು, ಮಂಗಳವಾರ ಯಂತ್ರದ ಕಂತಿನವರು, ಬುಧವಾರ ಬಾಡಿಗೆ, ಹೀಗೆ. ಶನಿವಾರ ಭಾವ ಮತ್ತು ಪೇಪರ್ ಅಂಗಡಿ, ಇಬ್ಬರೂ ಪಾಪ ಒಳ್ಳೆಯವರು. ಭಾನುವಾರ ಯಾರೂ ಇಲ್ಲ. ಹೊತ್ತೂ ಒಂದೇ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ. ಅವರು ಮಾಡುವ ಮೊದಲು ನಾನೇ ಫೋನ್ ಮಾಡುತ್ತಿದ್ದೆ. ಇದು ತುಂಬಾ ಮುಖ್ಯ. ಕರೆ ಬಂದಾಗ ಎತ್ತುವವನ ದನಿ ಬೇರೆ, ತಾನೇ ಕರೆ ಮಾಡಿದವನ ದನಿ ಬೇರೆ.

ಹೇಳಿದ ಮಾತೂ ಒಂದೇ. "ಸಾರ್, ಈ ತಿಂಗಳು 10ನೇ ತಾರೀಖು 1,500 ಕೊಡ್ತೀನಿ. ಮುಂದಿನ ತಿಂಗಳದ್ದು ಮುಂದಿನ ತಿಂಗಳು 10ಕ್ಕೆ ನಾನೇ ಫೋನ್ ಮಾಡಿ ಹೇಳ್ತೀನಿ." ಅಷ್ಟೇ. ಕೂಗಾಡಿದರು, ಕೂಗಾಡಲಿ ಅಂತ ಬಿಟ್ಟೆ. ಮೂರನೇ ತಿಂಗಳ 10ಕ್ಕೂ ದುಡ್ಡು ಸರಿಯಾಗಿ ಹೋದ ಮೇಲೆ ಕೂಗಾಟ ನಿಂತಿತು. ದೊಡ್ಡ ಮೊತ್ತದ ಭರವಸೆ ಕೊಟ್ಟು ತಪ್ಪುವುದಕ್ಕಿಂತ ಸಣ್ಣ ಮೊತ್ತ ಹೇಳಿದ ದಿನಕ್ಕೆ ಕೊಡುವುದು ಮೇಲು. ನಾನು ಮೊದಲು ಉಲ್ಟಾ ಮಾಡಿ ಮರ್ಯಾದೆ ಕಳೆದುಕೊಂಡಿದ್ದೆ.

ಸಾಲ ಮಾಡಿಕೊಂಡವರಿಗೆ ಒಂದೆರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಕು, ಫೈನಾನ್ಸ್ ಕಂಪನಿಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಿ ಕಾಡುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಮನೆ ಮುಂದೆ ಬಂದು ಕೂರುವವರಿದ್ದರೆ ಪೊಲೀಸ್ ಠಾಣೆಗೆ ಹೋಗಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಉಚಿತ ಕಾನೂನು ನೆರವಿಗೆ 15100 ನಂಬರ್ ಇದೆ.

ಸಾಲ ಅಲ್ಲದ ಕಷ್ಟಕ್ಕೂ ಕಿಂಡಿ ಮಾಡಬಹುದು. ಮನೆಯಲ್ಲಿ ಕಾಯಿಲೆಯವರಿದ್ದರೆ ಆಸ್ಪತ್ರೆ ಕಾಗದ, ರಿಪೋರ್ಟು, ಮಾತ್ರೆಯ ಲೆಕ್ಕ ದಿನಕ್ಕೆ ಒಂದೇ ಹೊತ್ತಿಗೆ ನೋಡಿ. ಉಳಿದ ಹೊತ್ತು ಅವರ ಹತ್ತಿರ ಕೂತು ಬೇರೆ ಮಾತಾಡಿ.

4. ಬೆನ್ನ ಹಿಂದೆ ಒಬ್ಬರಿರಲಿ

ಓಬವ್ವನ ಕಥೆಯ ಕೊನೆ ನಮಗೆ ಅಷ್ಟಾಗಿ ನೆನಪಿರುವುದಿಲ್ಲ. ಅವಳೂ ಅದೇ ದಿನ ತೀರಿಕೊಂಡಳು. ಹಿಂದಿನಿಂದ ಬಂದ ಸೈನಿಕನೊಬ್ಬ ಕೊಂದ ಅಂತ ಒಂದು ಹೇಳಿಕೆ.

ನಾನು ನಾಲ್ಕು ತಿಂಗಳು ಹೆಂಡತಿಗೆ ಹೇಳಿರಲಿಲ್ಲ. ಅಂಗಡಿ ನಷ್ಟದಲ್ಲಿದೆ ಅಂತ ಅವಳಿಗೆ ಗೊತ್ತಿತ್ತು, ಎಷ್ಟು ಅಂತ ಗೊತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಅವಳು ಮೊರದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. ನೋಟ್‌ಬುಕ್ ತೆಗೆದು ಮೊರದ ಪಕ್ಕ ಇಟ್ಟೆ. ಬಾಯಲ್ಲಿ ಹೇಳಲು ಆಗಲಿಲ್ಲ. ಅವಳು ಕೈ ಒರೆಸಿಕೊಂಡು ಓದಿದಳು. ಮೇಲಿಂದ ಕೆಳಗೆ ಒಂದು ಸಲ, ಬೆರಳಿಟ್ಟು ಇನ್ನೊಂದು ಸಲ. ಆಮೇಲೆ "ಇಷ್ಟೇನಾ?" ಅಂದಳು. "ನೀವು ರಾತ್ರಿ ಎದ್ದೆದ್ದು ಕೂರೋದು ನೋಡಿ ನಿಮಗೇನೋ ದೊಡ್ಡ ಕಾಯಿಲೆ ಇದೆ, ಮುಚ್ಚಿಡ್ತಿದ್ದೀರಿ ಅನ್ಕೊಂಡಿದ್ದೆ." ಮತ್ತೆ ಶೇಂಗಾ ಬಿಡಿಸತೊಡಗಿದಳು. ಅರ್ಧ ಮೊರ ಮುಗಿದಾಗ ಹೇಳಿದಳು, "ಆ ಮೂರು ರೂಪಾಯಿ ಬಡ್ಡಿದು ಮೊದ್ಲು ತೀರಿಸಿ. ನನ್ನ ಸರ ಇದೆಯಲ್ಲ. ಅಡ ಇಡಬೇಡಿ, ಅದಕ್ಕೂ ಬಡ್ಡಿ. ಮಾರಿಬಿಡಿ." 60,000 ಹಾಗೆ ತೀರಿತು. ನಾಲ್ಕು ತಿಂಗಳು ಮೊದಲೇ ಹೇಳಿದ್ದರೆ 7,200 ರೂಪಾಯಿ ಬಡ್ಡಿ ಉಳಿಯುತ್ತಿತ್ತು ಅಂತ ಅವಳು ಈಗಲೂ ಆಗಾಗ ನೆನಪಿಸುತ್ತಾಳೆ.

ಹೇಳಿಕೊಳ್ಳಲು ಒಬ್ಬರನ್ನು ಆರಿಸಿ, ಹತ್ತು ಜನರನ್ನಲ್ಲ. ಹತ್ತು ಜನರಿಗೆ ಹೇಳಿದರೆ ಹತ್ತು ಸಲಹೆ ಬರುತ್ತದೆ, ಹನ್ನೊಂದನೆಯದು ಜ್ಯೋತಿಷ್ಯ. ಬಾಯಲ್ಲಿ ಹೇಳಲು ಆಗದಿದ್ದರೆ ನನ್ನ ಹಾಗೆ ಪುಟ ತೋರಿಸಿ. "ಸಲಹೆ ಬೇಡ, ಒಂದ್ಸಲ ಓದಿ" ಅಂತ ಮೊದಲೇ ಹೇಳಬಹುದು.

ಮನೆಯವರಿಗೂ ಮೀರಿದ್ದು ಇರುತ್ತದೆ. ಎರಡು ವಾರ ಆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಇಷ್ಟದ ಕೆಲಸವೂ ಬೇಡ, ಬದುಕೇ ಸಾಕು ಅನ್ನಿಸುತ್ತಿದೆ ಅಂದರೆ ಅದನ್ನು ಬರೀ ಬೇಜಾರು ಅಂತ ತಳ್ಳಿಹಾಕಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಿಂದ ನಡೆಯುತ್ತಿರುವ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಸಿಗುತ್ತಾರೆ. ಜೀವಕ್ಕೇ ಅಪಾಯ ಅನ್ನಿಸಿದರೆ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ, 112ಕ್ಕೆ ಕರೆ ಮಾಡಿ. ಕಾಲು ಮುರಿದರೆ ಆಸ್ಪತ್ರೆಗೆ ಹೋಗಲು ನಾಚುತ್ತೇವಾ?

5. ನಿದ್ದೆ, ಊಟ, ನಡಿಗೆ

ಎಲ್ಲರಿಗೂ ಗೊತ್ತಿರುವುದೇ, ಉದ್ದ ಮಾಡಲ್ಲ. ರಾತ್ರಿ ಹತ್ತರ ಮೇಲೆ ಲೆಕ್ಕದ ಪುಸ್ತಕ ತೆಗೆಯಬೇಡಿ. ಟೀ ಕುಡಿದು ಊಟ ತಪ್ಪಿಸಬೇಡಿ. ವಾರಕ್ಕೊಮ್ಮೆಯಾದರೂ ಏದುಸಿರು ಬರುವಷ್ಟು ನಡೆಯಿರಿ. ನನಗೆ ಕೋಟೆ ಇತ್ತು. ನಿಮಗೆ ಬಾತಿ ಗುಡ್ಡ ಇರಬಹುದು, ಜೋಗಿಮಟ್ಟಿ ದಾರಿ ಇರಬಹುದು, ಹೊಲದ ಬದು ಇರಬಹುದು.

ಕೋಟೆ ಹತ್ತುವಾಗ ಗಮನಿಸಿದ್ದು ಒಂದು: ಇಲ್ಲಿನ ದಾರಿ ನೆಟ್ಟಗಿಲ್ಲ. ಬಾಗಿಲು ದಾಟಿದ ಕೂಡಲೇ ತಿರುವು, ಮತ್ತೆ ಬಾಗಿಲು, ಮತ್ತೆ ತಿರುವು. ಶತ್ರು ನೆಟ್ಟಗೆ ನುಗ್ಗಬಾರದು ಅಂತ ಹಾಗೆ ಕಟ್ಟಿದ್ದು. ಹತ್ತುವವನಿಗೂ ಅದರಿಂದ ಒಂದು ಅನುಕೂಲ ಇದೆ. ಇನ್ನೆಷ್ಟು ಉಳಿದಿದೆ ಅಂತ ಕಾಣುವುದೇ ಇಲ್ಲ. ಮುಂದಿನ ತಿರುವಿನ ತನಕ ಹೋದರೆ ಸಾಕು, ಅಲ್ಲಿ ಕಟ್ಟೆ ಮೇಲೆ ಕೂರಬಹುದು.

6. ಎಡಗಡೆ ಪುಟ

ಈಗ ಆ ಖಾಲಿ ಪುಟಕ್ಕೆ ಬನ್ನಿ. ಬಲಗಡೆ ಸಾಲದ ಲೆಕ್ಕ ಬರೆದ ದಿನ ಎಡಗಡೆ ಆ ದಿನ ಕಂಡ ಒಂದು ಸಂಗತಿ ಬರೆಯಬೇಕು. ಒಂದೇ ಸಾಲು. ಒಳ್ಳೆಯದೇ ಆಗಿರಬೇಕು ಅಂತಿಲ್ಲ. ಕಣ್ಣಿಗೆ ಬಿದ್ದದ್ದಾಗಿರಬೇಕು.

ಮೊದಲ ಎರಡು ತಿಂಗಳು ಬಸ್ಸಿನಲ್ಲಿ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ, ನಿದ್ದೆ ಬರದಿದ್ದರೂ. ದಿನಕ್ಕೆ ಎರಡೂವರೆ ಗಂಟೆ ವ್ಯರ್ಥ ಅಂತ ಹೊಟ್ಟೆ ಉರಿ. ಆಮೇಲೆ ಪುಟ ತುಂಬಿಸಲು ಕಿಟಕಿ ಕಡೆ ನೋಡಲೇಬೇಕಾಯಿತು. ದುರ್ಗ ಬಿಡುವಾಗ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು. ಹಿಂಗಾರಿಗೆ ಸೂರ್ಯಕಾಂತಿ. ಮೆಕ್ಕೆಜೋಳ ಕೊಯ್ದ ಮೇಲೆ ಸರ್ವಿಸ್ ರಸ್ತೆ ತುಂಬಾ ಹಳದಿ ಹಾಸು, ಅದರ ಪಕ್ಕದಲ್ಲೇ ಸೊಳ್ಳೆಪರದೆ ಕಟ್ಟಿ ಕಾವಲು ಮಲಗಿದ ಮನೆಯವರು. ಭರಮಸಾಗರದಲ್ಲಿ ಒಂದು ದಿನ ಸುಮ್ನೆ ಇಳಿದು ಕೆರೆ ನೋಡಿ ಬಂದೆ. ದುರ್ಗದ ಪಾಳೇಗಾರ ಭರಮಣ್ಣ ನಾಯಕನ ಕಾಲದ ಕೆರೆ. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕಡೆ ಈಗ ಏತ ನೀರಾವರಿಯಲ್ಲಿ ತುಂಗಭದ್ರೆಯ ನೀರು.

ಎಡಗಡೆ ಪುಟದಿಂದ ಒಂದೆರಡು ಸಾಲು:

"ಅಜ್ಜ ಕೋಳಿ ಹಿಡ್ಕೊಂಡು ಹತ್ತಿದ. ಕಂಡಕ್ಟರ್ ಕೋಳಿಗೂ ಟಿಕೆಟ್ ಹರಿದ. ಕೋಳಿಗೆ ಸೀಟು ಸಿಕ್ಕಿತು, ನನಗಿಲ್ಲ."

"ಆನಗೋಡು ಹತ್ರ ಮಳೆ. ರಸ್ತೆಯ ಆ ಕಡೆ ಮಾತ್ರ."

ಎರಡನೇ ಕೆಲಸ, ಖುಷಿಗೂ ದುಡ್ಡು ಎತ್ತಿಡಿ. ಸಾಲ ಇದ್ದವನು ನಗಬಾರದು, ತಿನ್ನಬಾರದು ಅನ್ನುವ ಕಟ್ಟಳೆ ಯಾರು ಮಾಡಿದರೋ ಗೊತ್ತಿಲ್ಲ. ನಾವು ಶನಿವಾರಕ್ಕೆ 50 ರೂಪಾಯಿ ಇಟ್ಟೆವು. ಸಂಜೆ ದಾವಣಗೆರೆಯಲ್ಲಿ ಬಸ್ ಹತ್ತುವ ಮೊದಲು ನರ್ಗೀಸ್ ಮಂಡಕ್ಕಿ, ಬಿಸಿ ಮಿರ್ಚಿ ಕಟ್ಟಿಸಿಕೊಳ್ಳುತ್ತೇನೆ. ಮನೆಗೆ ಬರುವಷ್ಟರಲ್ಲಿ ಮಿರ್ಚಿ ಮೆತ್ತಗಾಗಿರುತ್ತದೆ. ಮಕ್ಕಳಿಗೆ ಹಾಗೇ ಇಷ್ಟ. ಒಂದು ಸಲ ಬಿಸಿಯದ್ದು ಕೊಡಿಸಿದೆ, "ಇದು ಸರಿಯಿಲ್ಲ" ಅಂದರು.

ಮಂಡಕ್ಕಿ ಅಂದ ಕೂಡಲೇ ಒಂದು ಮಾತು. ಒಮ್ಮೆ ಪರಿಚಯದವರ ಜೊತೆ ಭಟ್ಟಿ ನೋಡಲು ಹೋಗಿದ್ದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಸಿಪ್ಪೆ ತೆಗೆದು, ಕೊನೆಗೆ ಕಾದ ಮರಳಿಗೆ ಹಾಕುತ್ತಾರೆ. ಹಾಕಿದ ಕ್ಷಣಕ್ಕೆ ಚಟಪಟ ಅಂತ ಅರಳಿಬಿಡುತ್ತದೆ. "ನೋಡಿ, ಬೆಂದರೇ ಅರಳುವುದು, ಮನುಷ್ಯನೂ ಹೀಗೇ" ಅಂತ ಭಾಷಣ ಮಾಡಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಭಟ್ಟಿಯವನು ಜರಡಿ ಅಲ್ಲಾಡಿಸಿ ಒಂದು ಹಿಡಿ ಕಪ್ಪಗಾದದ್ದನ್ನು ಪಕ್ಕಕ್ಕೆ ಚೆಲ್ಲಿದ. "ಒಂದು ಚೂರು ತಡ ಆದ್ರೆ ಇದೇ ಗತಿ ಸಾರ್." ಬಾಯಿ ಮುಚ್ಚಿಕೊಂಡೆ. ಕಷ್ಟ ಬಂದರೆ ಮನುಷ್ಯ ಗಟ್ಟಿ ಆಗುತ್ತಾನೆ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೆಲವರು ಸುಟ್ಟೂ ಹೋಗುತ್ತಾರೆ. ಅದಕ್ಕೇ ನಾಲ್ಕನೇ ಹೆಜ್ಜೆ ಬಿಡಬೇಡಿ ಅಂದದ್ದು.

7. ಕೋಡಿ ಬೀಳಲಿ ಅಂತ ಕಾಯಬೇಡಿ

2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿತ್ತು. ವೇದಾವತಿಗೆ ಅಡ್ಡವಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟು, ನಮ್ಮ ಕಡೆ ಮಾರಿಕಣಿವೆ ಅಂದರೇ ಗೊತ್ತಾಗುವುದು. ಕಟ್ಟಿ ಮುಗಿದದ್ದು 1907ರಲ್ಲಿ. 130 ಅಡಿ ತುಂಬಿ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರಲ್ಲೇ, 89 ವರ್ಷ ಬಿಟ್ಟು. 2025ರ ಜನವರಿಯಲ್ಲಿ ಮತ್ತೆ ಬಿತ್ತು ಬಿಡಿ, ಭದ್ರಾ ನೀರು ಬರಲು ಶುರುವಾದ ಮೇಲೆ ಮಾರಿಕಣಿವೆಯ ಗ್ರಹಚಾರವೇ ಬದಲಾಗಿದೆ.

ಊರೆಲ್ಲ ನೋಡಲು ಹೋಯಿತು. ನಾವೂ ಹೋದೆವು, ಅಪ್ಪನನ್ನು ಕರೆದುಕೊಂಡು. ಅವರು ಹುಟ್ಟಿದ್ದು ಹಿರಿಯೂರು ಕಡೆ, ನಾಲೆ ಕೆಳಗಿನ ಹಳ್ಳಿಯಲ್ಲಿ. ಕಾರು, ಟ್ರ್ಯಾಕ್ಟರ್, ಕಡಲೆಪುರಿ ಗಾಡಿ, ಜಾತ್ರೆಯೇ. ಅಪ್ಪ ಉಕ್ಕುವ ನೀರನ್ನು ಬಹಳ ಹೊತ್ತು ನೋಡಿದರು. ಪಕ್ಕದಲ್ಲಿದ್ದ ಹುಡುಗನೊಬ್ಬ "89 ವರ್ಷ ಸುಮ್ನೆ ನಿಂತಿತ್ತಲ್ಲ ಅಜ್ಜ ಇದು" ಅಂದ. ಅಪ್ಪ ಅವನ ಕಡೆ ತಿರುಗಿ, "ಸುಮ್ನೆ ಎಲ್ಲಿ ನಿಂತಿತ್ತಪ್ಪ? ನಾವು ಇದರ ನೀರು ಕುಡ್ದೇ ಬೆಳೆದಿದ್ದು. ಎಂಬತ್ತು ಅಡಿ ಇದ್ದಾಗ ಗದ್ದೆ ನಾಟಿ ಮಾಡ್ತಿದ್ವಿ" ಅಂದರು.

ಮನೆಗೆ ಬಂದ ಮೇಲೆ ಮಗಳು ಅಡುಗೆ ಮನೆ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಒಂದು ಅಳತೆಪಟ್ಟಿ ಎಳೆದಳು. ಸೊನ್ನೆಯಿಂದ 130 ಅಡಿ. 4,60,000ವನ್ನು 130ರಿಂದ ಭಾಗಿಸಿದರೆ ಒಂದು ಅಡಿಗೆ ಸುಮಾರು 3,500 ರೂಪಾಯಿ. ಅಷ್ಟು ಹೊತ್ತಿಗೆ ತೀರಿಸಿದ್ದು 46 ಅಡಿ. ಅಲ್ಲಿಯ ತನಕ ನೀಲಿ ಬಣ್ಣ ತುಂಬಿದಳು.

ನೀವೂ ಇದನ್ನು ಮಾಡಿ. ಅಳತೆ ನಿಮ್ಮ ಊರಿನದೇ ಇರಲಿ, ಮನೆಯವರಿಗೆಲ್ಲ ಅರ್ಥವಾಗಬೇಕು. ಚನ್ನಗಿರಿ ಕಡೆಯವರಾದರೆ ಸೂಳೆಕೆರೆ ಬರೆಯಿರಿ. ಮಧ್ಯದ ಮಟ್ಟಗಳಿಗೆ ಏನು ಮಾಡುತ್ತೀರಿ ಅಂತ ಮೊದಲೇ ಬರೆದುಕೊಳ್ಳಿ. ನಮ್ಮದು ಹೀಗಿತ್ತು: 60 ಅಡಿಗೆ ನಾಲ್ಕೂ ಜನ ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ. 80ಕ್ಕೆ ಸಂತೆಬೆನ್ನೂರು ಪುಷ್ಕರಣಿ, ಬುತ್ತಿ ಕಟ್ಟಿಕೊಂಡು. 100ಕ್ಕೆ ಹೆಂಡತಿ ಏನು ಹೇಳುತ್ತಾಳೋ ಅದು. ಅವಳು ಹೊಲಿಗೆ ಯಂತ್ರಕ್ಕೆ ಮೋಟಾರ್ ಕೇಳಿದಳು. ಇದು ಖುಷಿಯಾ ಖರ್ಚಾ ಅಂತ ಸ್ವಲ್ಪ ಜಗಳ ಆಯಿತು. ಮೋಟಾರ್ ಬಂತು.

ಈ ಖುಷಿಗಳಿಗೆ ಸಾಲ ಮಾಡಬಾರದು. ಅದೊಂದೇ ನಿಯಮ.

8. ನೀರು ಇಳಿದಾಗ

ಇಳಿಯುತ್ತದೆ. ಇದನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದರೆ ಒಳ್ಳೆಯದು.

2024ರ ಏಪ್ರಿಲ್‌ನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್, ಔಷಧಿ, ಓಡಾಟ. ಕೈಯಲ್ಲಿದ್ದದ್ದು ಹೋಗಿ ಇನ್ನೂ 40,000 ಸಾಲವಾಯಿತು. ಬಾಗಿಲ ಹಿಂದೆ ಬಣ್ಣ 88 ಅಡಿಯಲ್ಲಿತ್ತು. ಅದು ಹಾಗೇ ಇರಲಿ, ಯಾರೂ ನೋಡಲ್ಲ ಅಂತ ಸುಮ್ಮನಿದ್ದೆ. ಒಂದು ದಿನ ನೋಡಿದರೆ ಮಗಳು ರಬ್ಬರ್ ತೆಗೆದುಕೊಂಡು 77ರ ತನಕ ಅಳಿಸಿದ್ದಾಳೆ. ನೀಲಿ ಪೂರ್ತಿ ಹೋಗಿಲ್ಲ, ಮಸುಕಾಗಿ ಉಳಿದಿದೆ. ಪಕ್ಕದಲ್ಲಿ ಸಣ್ಣದಾಗಿ "ಬೇಸಿಗೆ" ಅಂತ ಬರೆದಿದ್ದಳು.

ಹೀಗಾದಾಗ ಮತ್ತೆ ಒಂದನೇ ಹೆಜ್ಜೆಗೆ ಬನ್ನಿ. ಹೊಸ ಪುಟ, ಹೊಸ ಪಟ್ಟಿ. ಹಳೆಯ ಪುಟ ಹರಿಯಬೇಡಿ. ಹೊಸ ಸಾಲದವರಿಗೂ ವಾರದಲ್ಲಿ ಒಂದು ದಿನ ಕೊಡಿ. ಆ ಒಂದೆರಡು ತಿಂಗಳು ಕಂತು ಕಡಿಮೆ ಮಾಡಬೇಕಾದರೆ 10ನೇ ತಾರೀಖಿನ ಮೊದಲೇ ಫೋನ್ ಮಾಡಿ ಹೇಳಿ, ಆಮೇಲೆ ಅಲ್ಲ. ನಾನು ಐದು ಜನಕ್ಕೆ ಹೇಳಿದೆ. ನಾಲ್ಕು ಜನ "ಆಯ್ತು, ಅಪ್ಪನ್ನ ನೋಡ್ಕೊಳ್ಳಿ" ಅಂದರು. ಐದನೆಯವರು ಕೂಗಾಡಿದರು. ಅವರ ದಿನ ಗುರುವಾರ, ಕೂಗಾಟವೂ ಗುರುವಾರಕ್ಕೇ ಮುಗಿಯಿತು.

ಶನಿವಾರದ 50 ರೂಪಾಯಿ ನಿಲ್ಲಿಸಬೇಡಿ. ನಿಲ್ಲಿಸೋಣ ಅನ್ನಿಸುವುದು ಮೊದಲು ಅದನ್ನೇ. ನಾವು 30ಕ್ಕೆ ಇಳಿಸಿದೆವು, ಮಿರ್ಚಿ ಬಿಟ್ಟು ಬರೀ ಮಂಡಕ್ಕಿ.

ಎಡಗಡೆ ಪುಟವೂ ನಡೆಯುತ್ತಿರಲಿ. ಬರೆಯಲು ಏನೂ ತೋಚದ ದಿನ ತಾರೀಖು ಹಾಕಿ "ಏನೂ ಇಲ್ಲ" ಅಂತ ಬರೆಯಿರಿ. ಆಸ್ಪತ್ರೆಯ ಹದಿನಾಲ್ಕು ದಿನದಲ್ಲಿ ನನ್ನದು ಒಂಬತ್ತು ದಿನ "ಏನೂ ಇಲ್ಲ". ಹತ್ತನೇ ದಿನ: "ಅಪ್ಪ ವಾಕರ್ ಹಿಡಿದು ಎಂಟು ಹೆಜ್ಜೆ ಹಾಕಿದರು. ನರ್ಸಮ್ಮ ಎಣಿಸಿದರು."

ಬಾಗಿಲ ಹಿಂದೆ ಈಗ 117 ಅಡಿ ಇದೆ. ನಿನ್ನೆಯ ಎಡಗಡೆ ಪುಟ: "ಗಾಳಿ ಇಲ್ಲ. ಗುಡ್ಡದ ಮೇಲೆ ಒಂದು ಯಂತ್ರವೂ ತಿರುಗುತ್ತಿಲ್ಲ. ಡ್ರೈವರ್ ಹೊಸಬ, ಟೋಲ್ ದಾಟಿದ ಮೇಲೆ ಜೋರಾಗಿ ಹಾಡು ಹಾಕಿದ, ಯಾರೂ ಬೇಡ ಅನ್ನಲಿಲ್ಲ."